ಎದೆಬಡಿತಕ್ಕೊಂದು ಅಂಕೆ

ಬೆಳಗಿನ ಐದೂವರೆಯ ಹೊತ್ತಿಗೆ ವೈಟ್‌ಫೀಲ್ಡಿನ ರಸ್ತೆಗಳಲ್ಲಿ ಓಡುವವರನ್ನು ಗಮನಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಹಲವರು ಎರಡು ಮೂರು ನಿಮಿಷಕ್ಕೊಮ್ಮೆ ಮುಂಗೈ ತಿರುಗಿಸಿ ಗಡಿಯಾರ ನೋಡಿಕೊಳ್ಳುತ್ತಾರೆ. ಆಫೀಸಿಗೆ ಹೊತ್ತಾಯಿತೆಂಬ ಆತುರ ಅದಲ್ಲ. ಅವರು ನೋಡುವುದು 138, 145, 152 ಎಂಬಂತಹ ಒಂದು ಅಂಕೆಯನ್ನು. ಅದು ಆ ಗಳಿಗೆಯಲ್ಲಿ ಅವರ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂಬುದರ ಲೆಕ್ಕ. ಅಂಕೆ ಏರಿದರೆ ನಡಿಗೆಗಿಳಿಯುತ್ತಾರೆ, ಇಳಿದರೆ ಮತ್ತೆ ಓಟ. ಕನ್ನಡದಲ್ಲಿ ‘ಅಂಕೆ’ ಎಂಬ ಮಾತಿಗೆ ಸಂಖ್ಯೆ ಎಂಬ ಅರ್ಥವೂ ಉಂಟು, ಹತೋಟಿ ಎಂಬ ಅರ್ಥವೂ ಉಂಟು. ಈ ಓಟಗಾರರ ಗಡಿಯಾರದಲ್ಲಿ ಎರಡೂ ಅರ್ಥಗಳು ಒಟ್ಟಿಗೆ ಕೂತಿವೆ.

ಇವರಲ್ಲಿ ಕೆಲವರ ಗುರಿ ಟ್ರಯಥ್ಲಾನ್. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ, ನಡುವೆ ಬಿಡುವಿಲ್ಲ. ಹವಾಯಿಯ ಒಆಹು ದ್ವೀಪದಲ್ಲಿ 1978ರ ಫೆಬ್ರವರಿ 18ರಂದು ಹದಿನೈದು ಮಂದಿ ಸೇರಿ ಸುಮಾರು 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, 42 ಕಿಲೋಮೀಟರ್ ಓಡುವ ಸ್ಪರ್ಧೆಗಿಳಿದರು. ಹನ್ನೆರಡು ಮಂದಿ ಮುಗಿಸಿದರು. ಅದೇ ಮೊದಲ ‘ಐರನ್‌ಮ್ಯಾನ್’. ಅದರ ಅರ್ಧ ದೂರದ ಸ್ಪರ್ಧೆ 2019ರ ಅಕ್ಟೋಬರ್‌ನಲ್ಲಿ ಗೋವಾಕ್ಕೆ ಬಂತು. ಅಲ್ಲಿಂದೀಚೆಗೆ ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳಲ್ಲಿ ಇದೊಂದು ಹುಚ್ಚಾಗಿ ಹಬ್ಬಿದೆ ಎಂದರೆ ತಪ್ಪಿಲ್ಲ. ರೈಲ್ವೆ ಅಧಿಕಾರಿ ಶ್ರೇಯಸ್ ಹೊಸೂರು 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪೂರ್ಣ ದೂರವನ್ನು ಮುಗಿಸಿದರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದ ಸ್ಪರ್ಧೆಯನ್ನು ಎಂಟು ಗಂಟೆ ಇಪ್ಪತ್ತೇಳು ನಿಮಿಷಗಳಲ್ಲಿ ಪೂರೈಸಿದಾಗ ಆ ಹೆಸರು ಕೇಳಿರದ ಮನೆಗಳಲ್ಲೂ ಅದರ ಮಾತಾಯಿತು.

ಈ ಊರಲ್ಲಿ ಮೂರು ಆಟಗಳಿಗೂ ಜಾಗ ಹುಡುಕುವುದೇ ಒಂದು ನಾಲ್ಕನೇ ಆಟ. ಓಟಕ್ಕೆ ನಸುಕಿನ ರಸ್ತೆ ಸಿಗುತ್ತದೆ. ಸೈಕಲ್ಲಿಗೆ ನಂದಿಬೆಟ್ಟದ ದಾರಿ ಇದೆ. ಈಜಿಗೆ ಮಾತ್ರ ಅಪಾರ್ಟ್‌ಮೆಂಟಿನ ಪುಟ್ಟ ಕೊಳವೇ ಗತಿ. ವೈಟ್‌ಫೀಲ್ಡಿನ ಮಗ್ಗುಲಿನ ವರ್ತೂರು ಕೆರೆ ನೊರೆ ಕಾರಿದ್ದನ್ನೂ, ಬೆಳ್ಳಂದೂರು ಕೆರೆ ನೀರಿನ ಮೇಲೇ ಹೊತ್ತಿ ಉರಿದದ್ದನ್ನೂ ಕಂಡವರು ಅಲ್ಲಿ ಈಜುವ ಮಾತಾಡಲಾರರು.

ಇರಲಿ, ಅಂಕೆಯ ವಿಷಯಕ್ಕೆ ಬರೋಣ. ಎದೆಬಡಿತವನ್ನೇ ಏಕೆ ಅಳೆಯಬೇಕು? ಸುಮ್ಮನೆ ಕೂತಿರುವ ಆರೋಗ್ಯವಂತನ ಹೃದಯ ನಿಮಿಷಕ್ಕೆ ಎಪ್ಪತ್ತು ಬಾರಿ ಬಡಿದು, ಒಂದೊಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ತಳ್ಳುತ್ತದೆ. ಅಂದರೆ ನಿಮಿಷಕ್ಕೆ ಐದು ಲೀಟರ್. ಓಡತೊಡಗಿದರೆ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕ ಕೇಳುತ್ತವೆ. ಹೃದಯ ನಿಮಿಷಕ್ಕೆ ಇಪ್ಪತ್ತು ಲೀಟರ್‌ವರೆಗೂ ಹರಿಸಬೇಕಾಗುತ್ತದೆ. ಒಂದು ಬಡಿತಕ್ಕೆ ತಳ್ಳುವ ರಕ್ತ ಒಂದು ಮಿತಿಯವರೆಗೆ ಮಾತ್ರ ಹೆಚ್ಚುವುದರಿಂದ ಉಳಿದದ್ದನ್ನು ಬಡಿತದ ವೇಗವೇ ತುಂಬಿಕೊಡಬೇಕು. ಹೀಗಾಗಿ ದೇಹದೊಳಗೆ ಎಷ್ಟು ಕೆಲಸ ನಡೆದಿದೆ ಎಂಬುದನ್ನು ಹೊರಗಿನಿಂದ ತಿಳಿಯಲು ಎದೆಬಡಿತ ಒಂದು ಅಗ್ಗದ ಮಾಪಕ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಅದೇ ಕೆಲಸಕ್ಕೆ ಕಡಿಮೆ ಬಡಿತ ಸಾಕಾಗುತ್ತದೆ. ನುರಿತ ಓಟಗಾರರ ವಿಶ್ರಾಂತಿಯ ಬಡಿತ ಐವತ್ತಕ್ಕಿಂತ ಕೆಳಗಿರುವುದು ಇದೇ ಕಾರಣಕ್ಕೆ.

ನಾಡಿ ಹಿಡಿದು ನೋಡುವುದು ನಮಗೆ ಹೊಸದೇನಲ್ಲ. ಆದರೆ ನಾವು ಭಾವಿಸುವಷ್ಟು ಹಳೆಯದೂ ಅಲ್ಲ ಎಂಬುದು ಸ್ವಾರಸ್ಯ. ಚರಕ, ಸುಶ್ರುತ ಸಂಹಿತೆಗಳಲ್ಲಿ ನಾಡಿಪರೀಕ್ಷೆಯ ವಿವರವಾದ ವಿಧಾನ ಕಾಣುವುದಿಲ್ಲ. ಅದು ವ್ಯವಸ್ಥಿತವಾಗಿ ಬರುವುದು ಅವೆರಡಕ್ಕೂ ಬಹಳ ಶತಮಾನಗಳ ಈಚಿನ ಶಾರ್ಙ್ಗಧರ ಸಂಹಿತೆಯಲ್ಲಿ. ಅಲ್ಲಿ ವಾತದ ನಾಡಿ ಹಾವು, ಜಿಗಣೆಗಳಂತೆ ಹರಿಯುತ್ತದೆ. ಪಿತ್ತದ ನಾಡಿ ಕಾಗೆ, ಕಪ್ಪೆಗಳಂತೆ ಕುಪ್ಪಳಿಸುತ್ತದೆ. ಕಫದ ನಾಡಿ ಹಂಸ, ಪಾರಿವಾಳಗಳಂತೆ ಮೆಲ್ಲಗೆ ನಡೆಯುತ್ತದೆ. ವೈದ್ಯನ ಬೆರಳು ಓದುತ್ತಿದ್ದುದು ನಾಡಿಯ ನಡೆಯನ್ನು; ನಿಮಿಷಕ್ಕೆ ಎಷ್ಟು ಎಂಬ ಎಣಿಕೆ ಅಲ್ಲಿ ಮುಖ್ಯವಲ್ಲ.

ಎಣಿಕೆಯ ದಾರಿ ಬೇರೆ ಕಡೆಯಿಂದ ಬಂತು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ವೈದ್ಯ ಹೆರೋಫಿಲಸ್ ನೀರಿನ ಗಡಿಯಾರ ಇಟ್ಟುಕೊಂಡು ನಾಡಿ ಎಣಿಸಿದನಂತೆ. ಹದಿನೇಳನೇ ಶತಮಾನದ ಆರಂಭದಲ್ಲಿ ಇಟಲಿಯ ಸಾಂಟೋರಿಯೊ ಒಂದು ಲೋಲಕದ ದಾರವನ್ನು ಉದ್ದ ಗಿಡ್ಡ ಮಾಡಿ, ಅದರ ತೂಗಾಟವನ್ನು ರೋಗಿಯ ನಾಡಿಗೆ ಸರಿಹೊಂದಿಸಿ ಅಳೆಯುತ್ತಿದ್ದ. 1707ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರ ಮಾಡಿಸಿ, ಅದರ ಮೇಲೊಂದು ಪುಸ್ತಕವನ್ನೇ ಬರೆದ. ನಮ್ಮ ಊರಿನ ಮಟ್ಟಿಗೆ ಹೇಳುವುದಾದರೆ, ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಗಡಿಯಾರ ತಯಾರಿಸತೊಡಗಿದ ಮೇಲೆಯೇ ಸೆಕೆಂಡಿನ ಮುಳ್ಳು ಸಾಮಾನ್ಯ ಜನರ ಮುಂಗೈಗೆ ಬಂದದ್ದು. ಎರಡು ಬೆರಳನ್ನು ಮಣಿಕಟ್ಟಿನ ಮೇಲಿಟ್ಟು, ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದನ್ನು ಎಷ್ಟೋ ನರ್ಸುಗಳು, ವ್ಯಾಯಾಮದ ಮೇಷ್ಟರುಗಳು ಅಂತಹ ಗಡಿಯಾರಗಳ ಮೇಲೇ ಕಲಿತರು. ಆ ಗಡಿಯಾರಗಳ ತಯಾರಿಕೆ 2016ರಲ್ಲಿ ನಿಂತಿತು. ಕಲಿತದ್ದು ನಿಂತಿಲ್ಲ.

ಕರ್ನಾಟಕದಲ್ಲಿ ಎದೆಬಡಿತವನ್ನು ಯಂತ್ರವಿಟ್ಟು ನೋಡಿದ ಕಥೆಯೂ ಸೊಗಸಾದದ್ದು. 1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ತೆರೇಸ್ ಬ್ರಾಸ್ ಒಯ್ಯಬಹುದಾದ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದರು. ಯೋಗಿಗಳು ಎದೆಬಡಿತ ನಿಲ್ಲಿಸಬಲ್ಲರೇ ಎಂಬುದು ಅವರ ಪ್ರಶ್ನೆ. ಅವರು ಪರೀಕ್ಷಿಸಿದವರಲ್ಲಿ ಆಗ ಮೈಸೂರು ಅರಮನೆಯ ಆಶ್ರಯದ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರೂ ಒಬ್ಬರು. ಕಾಲು ಶತಮಾನದ ನಂತರ ವೆಂಗರ್, ಬಾಗ್ಚಿ, ಆನಂದ್ ಎಂಬ ವಿಜ್ಞಾನಿಗಳು ಇದೇ ಪ್ರಶ್ನೆಯನ್ನು ಮತ್ತೆ ಕೆದಕಿ 1961ರಲ್ಲಿ ಉತ್ತರ ಬರೆದರು. ಉಸಿರು ಕಟ್ಟಿ ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ತಗ್ಗಿ ಮುಂಗೈಯ ನಾಡಿ ಬೆರಳಿಗೆ ಸಿಗದಂತಾಗುತ್ತದೆ. ಆದರೆ ಇಸಿಜಿಯ ಗೆರೆ ಹೇಳುವಂತೆ ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ. ನಿಲ್ಲಿಸುವುದು ಆಗದಿದ್ದರೂ ನಿಧಾನಗೊಳಿಸುವುದು ಸಾಧ್ಯ. ಎಲೆಕ್ಟ್ರಾನಿಕ್ ಸಿಟಿಯಿಂದ ಅಷ್ಟೇನೂ ದೂರವಿಲ್ಲದ ಜಿಗಣಿಯ ವಿವೇಕಾನಂದ ಯೋಗ ಸಂಸ್ಥೆಯ ಶರ್ಲಿ ಟೆಲ್ಲೆಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ತಿಂಗಳು ಯೋಗ ಕಲಿತವರು ಬೇಕೆಂದಾಗ ಬಡಿತ ಇಳಿಸುವುದರಲ್ಲಿ ಮೊದಲಿಗಿಂತ ನಿಪುಣರಾಗಿದ್ದರು.

ಕ್ರೀಡೆಯ ತರಬೇತಿಗೆ ಬಡಿತದ ಲೆಕ್ಕ ಬಂದದ್ದು ಫಿನ್ಲೆಂಡಿನಿಂದ. ಮಾರ್ಟಿ ಕಾರ್ವೊನೆನ್ ಎಂಬಾತ 1957ರಲ್ಲಿ ಬೆರಳೆಣಿಕೆಯ ವೈದ್ಯ ವಿದ್ಯಾರ್ಥಿಗಳನ್ನು ಯಂತ್ರದ ಪಟ್ಟಿಯ ಮೇಲೆ ಓಡಿಸಿ, ಹೃದಯ ಬಲಗೊಳ್ಳಲು ಎಷ್ಟು ದಣಿಯಬೇಕು ಎಂದು ನೋಡಿದ. ಅವನ ಸೂತ್ರ ಸರಳ: ಒಬ್ಬನ ಗರಿಷ್ಠ ಬಡಿತದಿಂದ ವಿಶ್ರಾಂತಿಯ ಬಡಿತವನ್ನು ಕಳೆದರೆ ಉಳಿಯುವುದು ಅವನ ಕೈಲಿರುವ ‘ಬಂಡವಾಳ’, ಅದರ ಇಂತಿಷ್ಟು ಪಾಲನ್ನು ವಿಶ್ರಾಂತಿಯ ಬಡಿತಕ್ಕೆ ಕೂಡಿಸಿದರೆ ಅಭ್ಯಾಸದ ಮಟ್ಟ ಸಿಗುತ್ತದೆ. ಒಂದು ಉದಾಹರಣೆ ನೋಡೋಣ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳ ಕಾರ್ಖಾನೆ ನಡೆಸುವ 42 ವರ್ಷದ ಒಬ್ಬರು ಇದ್ದಾರೆನ್ನಿ. ವಿಶ್ರಾಂತಿಯ ಬಡಿತ 68, ಗರಿಷ್ಠ 178. ವ್ಯತ್ಯಾಸ 110. ಅದರ ನೂರಕ್ಕೆ ಅರವತ್ತು ಪಾಲು 66; ಕೂಡಿಸಿದರೆ 134. ಎಪ್ಪತ್ತು ಪಾಲಾದರೆ 145. ದಿನನಿತ್ಯದ ದೀರ್ಘ ಅಭ್ಯಾಸಕ್ಕೆ ಇವರು ಇವೆರಡರ ನಡುವೆ ಇದ್ದರೆ ಸರಿ.

ಆದರೆ ಆ 178 ಎಲ್ಲಿಂದ ಬಂತು? 220ರಿಂದ ವಯಸ್ಸು ಕಳೆಯಿರಿ ಎಂಬ ಸೂತ್ರದಿಂದ. ವ್ಯಾಯಾಮಶಾಲೆಗಳ ಗೋಡೆಯ ಮೇಲೆಲ್ಲ ಕಾಣುವ ಈ ಸೂತ್ರದ ಹುಟ್ಟು ಕೇಳಿದರೆ ನಗು ಬರುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಫಾಕ್ಸ್, ವಿಲಿಯಂ ಹ್ಯಾಸ್ಕೆಲ್ ಎಂಬ ವೈದ್ಯವಿಜ್ಞಾನಿಗಳು 1970ರ ಆಸುಪಾಸಿನಲ್ಲಿ, ಆಗ ಲಭ್ಯವಿದ್ದ ಹತ್ತು ಹನ್ನೊಂದು ಅಧ್ಯಯನಗಳ ಸರಾಸರಿಗಳನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿ, ಅವುಗಳ ನಡುವೆ ಒಂದು ಗೆರೆ ಎಳೆದರು. ಅಷ್ಟೇ. ಹೃದ್ರೋಗಿಗಳಿಗೆ ಸುಮಾರಾಗಿ ವ್ಯಾಯಾಮ ಸೂಚಿಸಲು ಎಳೆದ ಗೆರೆ ಅದು. ಅದನ್ನೇ ಜಗತ್ತು ಕಟ್ಟುಕಟ್ಟಳೆ ಮಾಡಿಕೊಂಡಿತು. 2001ರಲ್ಲಿ ತನಾಕಾ ಮತ್ತು ಸಹೋದ್ಯೋಗಿಗಳು ಹೆಚ್ಚಿನ ಮಾಹಿತಿ ಕಲೆಹಾಕಿ, ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವ ಇನ್ನೊಂದು ಸೂತ್ರ ಕೊಟ್ಟರು. ನಲವತ್ತರ ವಯಸ್ಸಿಗೆ ಎರಡೂ 180 ಎನ್ನುತ್ತವೆ. ಅರವತ್ತರವರಿಗೆ ಹಳೆಯದು 160 ಎಂದರೆ ಹೊಸದು 166. ಯಾವ ಸೂತ್ರವಾದರೂ ಅದು ಸರಾಸರಿ. ಒಂದೇ ವಯಸ್ಸಿನ ಇಬ್ಬರಲ್ಲಿ ನಿಜವಾದ ಗರಿಷ್ಠ ಇಪ್ಪತ್ತು ಬಡಿತದಷ್ಟು ಹೆಚ್ಚುಕಡಿಮೆ ಇರುವುದು ತೀರಾ ಸಾಮಾನ್ಯ. ಸಿದ್ಧ ಉಡುಪಿನ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಅಳತೆಯ ಅಂಗಿ ಕೊಟ್ಟ ಹಾಗೆ. ನಮ್ಮ ಪೀಣ್ಯದವರ ನಿಜವಾದ ಗರಿಷ್ಠ 165 ಆಗಿದ್ದರೆ 145 ಎಂಬುದು ಅವರಿಗೆ ಹಗುರ ಓಟವಾಗಿ ಉಳಿಯುವುದಿಲ್ಲ.

ಓಡುತ್ತಲೇ ಬಡಿತ ತಿಳಿಯುವ ಸೌಲಭ್ಯವೂ ಫಿನ್ಲೆಂಡಿನದೇ. ಔಲು ನಗರದ ಬಳಿಯ ಕೆಂಪೆಲೆಯಲ್ಲಿ 1977ರಲ್ಲಿ ಶುರುವಾದ ಪೋಲಾರ್ ಕಂಪನಿ 1982ರಲ್ಲಿ ಎದೆಗೆ ಕಟ್ಟುವ ಪಟ್ಟಿ, ಮುಂಗೈಗೊಂದು ಗಡಿಯಾರ, ನಡುವೆ ತಂತಿಯಿಲ್ಲ ಎಂಬ ವ್ಯವಸ್ಥೆ ತಂದಿತು. ಇಟಲಿಯ ಫ್ರಾನ್ಸೆಸ್ಕೊ ಕಾಂಕೋನಿ ಎಂಬ ವಿಜ್ಞಾನಿ ಬಡಿತದ ಏರಿಕೆಯನ್ನು ಆಧರಿಸಿದ ತನ್ನ ಪರೀಕ್ಷೆಯನ್ನು ಪ್ರಕಟಿಸಿದ್ದೂ ಅದೇ ವರ್ಷ. ಆತನ ಮಾರ್ಗದರ್ಶನದಲ್ಲಿ ಸೈಕಲ್ ಸವಾರ ಫ್ರಾನ್ಸೆಸ್ಕೊ ಮೋಸರ್ 1984ರ ಜನವರಿಯಲ್ಲಿ ಮೆಕ್ಸಿಕೊದಲ್ಲಿ ಒಂದು ಗಂಟೆಗೆ 51.151 ಕಿಲೋಮೀಟರ್ ತುಳಿದಾಗ ಎದೆಬಡಿತದ ತರಬೇತಿಗೆ ಭಾರಿ ಪ್ರಚಾರ ಸಿಕ್ಕಿತು. ಆ ಸಾಧನೆಗೆ, ಆ ಕಾಲದಲ್ಲಿ ನಿಷಿದ್ಧವಲ್ಲದ ರಕ್ತ ಮರುಪೂರಣವನ್ನೂ ಬಳಸಿದ್ದಾಗಿ ಮೋಸರ್ ಮುಂದೆ ಒಪ್ಪಿಕೊಂಡ. ಕೀರ್ತಿಯೆಲ್ಲ ಗಡಿಯಾರದ್ದಾಗಿರಲಿಲ್ಲ.

ಟ್ರಯಥ್ಲಾನ್‌ನಲ್ಲಿ ಇದನ್ನು ಮನೆಮಾತಾಗಿಸಿದಾತ ಮಾರ್ಕ್ ಆಲನ್. ವೇಗವಾಗಿ ಓಡಿ ಓಡಿ ಗಾಯ ಮಾಡಿಕೊಳ್ಳುತ್ತಿದ್ದ ಆತನಿಗೆ ಫಿಲ್ ಮ್ಯಾಫೆಟೋನ್ ಎಂಬ ತರಬೇತುದಾರ ನಿಮಿಷಕ್ಕೆ 155 ಬಡಿತ ಮೀರಬೇಡ ಎಂದು ತಾಕೀತು ಮಾಡಿದ. ಆತನ ಸೂತ್ರದ ಬುಡ 180ರಿಂದ ವಯಸ್ಸು ಕಳೆಯುವುದು. ಮೊದಮೊದಲು ಆಲನ್‌ಗೆ ಇದು ನಾಚಿಕೆಗೇಡು. ಕಿಲೋಮೀಟರಿಗೆ ಐದು ನಿಮಿಷಕ್ಕೂ ಮೇಲೆ, ಹರಟುತ್ತಾ ಓಡುವವರ ವೇಗ. ವರ್ಷಗಳು ಉರುಳಿದಂತೆ ಅದೇ 155 ಬಡಿತದಲ್ಲಿ ಕಿಲೋಮೀಟರನ್ನು ಸುಮಾರು ಮೂರು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಓಡುವಂತಾದ. 1989ರಲ್ಲಿ ಹವಾಯಿಯಲ್ಲಿ ಡೇವ್ ಸ್ಕಾಟ್‌ನನ್ನು ಒಂದು ನಿಮಿಷಕ್ಕೂ ಕಡಿಮೆ ಅಂತರದಿಂದ ಸೋಲಿಸಿದ; ಒಟ್ಟು ಆರು ಸಲ ಅಲ್ಲಿ ಗೆದ್ದ. ನಿಧಾನವೇ ಪ್ರಧಾನ ಎಂಬ ನಮ್ಮ ಗಾದೆಗೆ ಇಷ್ಟು ಸೊಗಸಾದ ವ್ಯಾಖ್ಯಾನ ಬೇರೆ ಸಿಗಲಾರದು. ಮುಂದೆ ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ದೋಣಿ ನಡೆಸುವವರು, ಹಿಮದ ಮೇಲೆ ಜಾರುವವರು, ಸೈಕಲ್ ಸವಾರರು ಹೀಗೆ ಜಗತ್ತಿನ ಉತ್ತಮ ಕ್ರೀಡಾಪಟುಗಳ ಅಭ್ಯಾಸವನ್ನು ಪರಿಶೀಲಿಸಿದಾಗ, ಹತ್ತರಲ್ಲಿ ಸುಮಾರು ಎಂಟು ಪಾಲು ಅಭ್ಯಾಸ ಹಗುರವಾದದ್ದೇ ಎಂದು ಕಂಡಿತು. ಉಳಿದ ಎರಡು ಪಾಲು ನಿಜಕ್ಕೂ ಕಠಿಣ. ಹವ್ಯಾಸಿಗಳು ಮಾಡುವುದು ಇದರ ತಿರುವುಮುರುವು: ಹಗುರವೂ ಅಲ್ಲ, ಕಠಿಣವೂ ಅಲ್ಲ, ದಿನಾ ಏದುಸಿರು. ವಾರಕ್ಕೆ ನಾಲ್ಕು ಗಂಟೆ ಸಿಗುವ ನೌಕರನಿಗೆ ನಿಧಾನ ಓಡು ಎಂದರೆ ದುಡ್ಡು ಕೊಟ್ಟು ಮೋಸಹೋದಂತೆ ಅನ್ನಿಸುತ್ತದೆ. ಆತನನ್ನು ಹಿಡಿದು ನಿಲ್ಲಿಸುವುದರಲ್ಲೇ ಈ ಗಡಿಯಾರದ ನಿಜವಾದ ಪ್ರಯೋಜನ ಇದೆಯೆಂದು ನನಗೆ ತೋರುತ್ತದೆ.

ಮೂರು ಆಟಕ್ಕೂ ಒಂದೇ ಅಂಕೆ ಹೊಂದುವುದಿಲ್ಲ ಎಂಬುದನ್ನು ಹೊಸಬರು ಬೇಗ ಮರೆಯುತ್ತಾರೆ. ಓಟದಲ್ಲಿ ಇಡೀ ದೇಹದ ಭಾರ ಕಾಲಿನ ಮೇಲೆ, ಬಡಿತ ಜಾಸ್ತಿ. ಸೈಕಲ್ಲಿನ ಮೇಲೆ ಕೂತಿರುವುದರಿಂದ ಅಷ್ಟೇ ಶ್ರಮ ಎನ್ನಿಸುವಾಗಲೂ ಬಡಿತ ಐದು ಹತ್ತು ಕಡಿಮೆ. ನೀರಿನಲ್ಲಿ ದೇಹ ಮಲಗಿರುತ್ತದೆ, ತಂಪೂ ಇರುತ್ತದೆ. ರಕ್ತ ಹೃದಯಕ್ಕೆ ಸಲೀಸಾಗಿ ಮರಳುತ್ತದೆ. ಬಡಿತ ಇನ್ನೂ ಇಳಿಯುತ್ತದೆ. ಇನ್ನು ಸೆಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದರ ಮುಂಜಾವು ತಂಪು. ಇಲ್ಲಿ ತಯಾರಾದವರು ಗೋವಾದ ಅಕ್ಟೋಬರ್ ಸೆಕೆಗೆ ಇಳಿದರೆ ಬೆವರು ಆರುವುದಿಲ್ಲ. ಮೈ ತಣಿಸಲು ಚರ್ಮಕ್ಕೂ ರಕ್ತ ಹಂಚಬೇಕು, ಬೆವರಿನಿಂದ ರಕ್ತದ ನೀರಿನಂಶವೂ ಕುಗ್ಗುತ್ತದೆ. ಒಂದು ಬಡಿತಕ್ಕೆ ಹೋಗುವ ರಕ್ತ ಕಡಿಮೆಯಾಗಿ, ವೇಗ ಹೆಚ್ಚಿಸದಿದ್ದರೂ ಬಡಿತ ತಾನಾಗಿ ಹತ್ತು ಹದಿನೈದು ಏರುತ್ತಾ ಹೋಗುತ್ತದೆ. ಅಲ್ಲಿ ಬೆಂಗಳೂರಿನ ವೇಗಕ್ಕೆ ಅಂಟಿಕೊಂಡವರು ಓಟದ ಅರ್ಧ ದಾರಿಗೇ ಕುಸಿಯುತ್ತಾರೆ. ಬೆಂಗಳೂರಿನ ಬಡಿತಕ್ಕೆ ಅಂಟಿಕೊಂಡವರು ನಿಧಾನವಾದರೂ ಮುಗಿಸುತ್ತಾರೆ.

ಗಡಿಯಾರವೂ ಸುಳ್ಳು ಹೇಳುವುದುಂಟು. ಎದೆಯ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನು ಹಿಡಿಯುತ್ತದೆ. ಮುಂಗೈಯ ಗಡಿಯಾರ ಹಸಿರು ಬೆಳಕು ಚೆಲ್ಲಿ, ರಕ್ತ ಹೀರಿಕೊಂಡು ಉಳಿದ ಬೆಳಕಿನ ಏರಿಳಿತದಿಂದ ಬಡಿತವನ್ನು ಊಹಿಸುತ್ತದೆ. ಪಟ್ಟಿ ಸಡಿಲವಾದರೆ, ನೀರು ನುಗ್ಗಿದರೆ, ಕೈ ಕುಲುಕಿದರೆ ಊಹೆ ತಪ್ಪುತ್ತದೆ. ಕೆಲವೊಮ್ಮೆ ಅದು ಎಣಿಸುತ್ತಿರುವುದು ಹೃದಯವನ್ನೋ ಹೆಜ್ಜೆಯನ್ನೋ ತಿಳಿಯದು. ಹಗುರ ಓಟದಲ್ಲಿ ಇದ್ದಕ್ಕಿದ್ದಂತೆ 175 ಕಂಡರೆ ಮೊದಲು ಪಟ್ಟಿ ಬಿಗಿಮಾಡಿ, ಕತ್ತಿನ ನಾಡಿ ಎಣಿಸಿ ನೋಡಬೇಕು. ಹೃದಯಕ್ಕೂ ತನ್ನದೇ ವಿಳಂಬ ಇದೆ. ನಂದಿಯ ತಿರುವಿನಲ್ಲಿ ಮೂವತ್ತು ಸೆಕೆಂಡು ಎದ್ದುನಿಂತು ತುಳಿದರೆ ಅಂಕೆ ಏರುವ ಹೊತ್ತಿಗೆ ತಿರುವು ಮುಗಿದಿರುತ್ತದೆ. ಜೊತೆಗೆ ಹೃದಯಕ್ಕೆ ಓಟ ಯಾವುದು, ಸಿಟ್ಟು ಯಾವುದು ಎಂಬ ಭೇದವಿಲ್ಲ. ಸಿಲ್ಕ್ ಬೋರ್ಡ್ ವೃತ್ತದಲ್ಲಿ ಕಾರಿನೊಳಗೆ ಕೂತಲ್ಲೇ ನೂರು ಮುಟ್ಟಿಸಬಹುದು. ರಾತ್ರಿ ಪಾಳಿ, ಅಮೆರಿಕದ ಹೊತ್ತಿಗೆ ನಡೆಯುವ ಸಭೆಗಳು, ಮೂರು ಲೋಟ ಕಾಫಿ ಇವೆಲ್ಲವೂ ಮರುದಿನದ ಅಂಕೆಯಲ್ಲಿ ಕಾಣುತ್ತವೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಎಣಿಸಿದ ಬಡಿತ ಎಂದಿಗಿಂತ ಏಳೆಂಟು ಹೆಚ್ಚಿದ್ದರೆ ಅಂದು ಕಠಿಣ ಅಭ್ಯಾಸ ಬೇಡ. ಜ್ವರವಿದ್ದರೆ ಯಾವ ಅಭ್ಯಾಸವೂ ಬೇಡ. ವೈರಾಣು ಹೃದಯದ ಸ್ನಾಯುವಿಗೇ ತಗುಲಿರಬಹುದು. ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆ ನುಂಗುವವರ ಬಡಿತ ಔಷಧದಿಂದಲೇ ತಗ್ಗಿರುತ್ತದೆ. ಅವರಿಗೆ ಮೇಲಿನ ಯಾವ ಸೂತ್ರವೂ ಹೊಂದುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಬಡಿತದ ಅಂಕೆ ಹೃದಯದ ರಕ್ತನಾಳಗಳು ಶುದ್ಧವಾಗಿವೆಯೋ ಇಲ್ಲವೋ ಎಂದು ಹೇಳಲಾರದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ನಾಡು ಬೆಚ್ಚಿತು. ಅಷ್ಟು ಮೈಕಟ್ಟಿನ ಮನುಷ್ಯನಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಜನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಆಗ ಹಲವರು ವ್ಯಾಯಾಮವನ್ನೇ ಬಿಟ್ಟರು; ಅದು ತಪ್ಪು ಪಾಠ. ಕಾರ್ವೊನೆನ್‌ನ ದೇಶವೇ ಇದಕ್ಕೆ ಉತ್ತರ ಕೊಡುತ್ತದೆ. ಪೂರ್ವ ಫಿನ್ಲೆಂಡಿನ ರೈತರು, ಮರ ಕಡಿಯುವವರು ಮೈಮುರಿದು ದುಡಿಯುವವರು; ಆದರೂ ಹೃದಯಾಘಾತದ ಸಾವಿನಲ್ಲಿ 1960ರ ದಶಕದಲ್ಲಿ ಜಗತ್ತಿಗೇ ಮುಂದಿದ್ದರು. ಬೆಣ್ಣೆ, ಉಪ್ಪು, ಹೊಗೆಸೊಪ್ಪು ದೈಹಿಕ ಶ್ರಮದ ಲಾಭವನ್ನು ನುಂಗಿಹಾಕಿದ್ದವು. 1972ರಲ್ಲಿ ಉತ್ತರ ಕರೇಲಿಯಾ ಪ್ರಾಂತ್ಯದಲ್ಲಿ ಊಟ, ಧೂಮಪಾನ, ರಕ್ತದೊತ್ತಡಗಳ ಮೇಲೆ ಆಂದೋಲನ ಶುರುವಾದ ಮೇಲೆ ಆ ಸಾವುಗಳು ಇಳಿದವು.

ಹಾಗಾಗಿ ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಬೀಡಿ ಸಿಗರೇಟು ಸೇದುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಅಂಥವರು ಗಡಿಯಾರ ಕೊಳ್ಳುವ ಮುಂಚೆ ವೈದ್ಯರನ್ನು ಕಾಣಬೇಕು. ಓಡುವಾಗ ಎದೆ ಹಿಡಿದರೆ, ದವಡೆಗೋ ಎಡಗೈಗೋ ನೋವು ಹರಿದರೆ, ತಲೆ ತಿರುಗಿದರೆ ಅಂಕೆ ಎಷ್ಟೇ ಇರಲಿ, ನಿಲ್ಲಬೇಕು. ಆಗ ಬೇಕಾದದ್ದು ಇಸಿಜಿ. ಆ ಯಂತ್ರದ ಒಂದು ಅಗ್ಗದ ಅವತಾರ ರೂಪುಗೊಂಡದ್ದು ಇದೇ ಬೆಂಗಳೂರಿನಲ್ಲಿ: 2000ದ ದಶಕದ ಕೊನೆಗೆ ಜಿಇ ಕಂಪನಿಯ ಇಲ್ಲಿನ ಎಂಜಿನಿಯರುಗಳು ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಹಿಡಿದೊಯ್ಯಬಹುದಾದ ‘ಮ್ಯಾಕ್ 400’ ಎಂಬ ಯಂತ್ರ ಮಾಡಿದರು. ಅದರಲ್ಲಿ ಗೆರೆ ಮೂಡಿಸಲು ಟಿಕೆಟ್ ಕೊಡುವ ಯಂತ್ರಗಳ ಮಾದರಿಯ ಮುದ್ರಕವನ್ನೇ ಹೊಂದಿಸಿದ್ದರು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆಯಂತೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಓಟ ಮುಗಿದ ಕೂಡಲೇ ಗಡಿಯಾರ ಬಿಚ್ಚಿಡುವವರು ಒಂದು ಒಳ್ಳೆಯ ಅಂಕೆಯನ್ನು ಕಳೆದುಕೊಳ್ಳುತ್ತಾರೆ. ನಿಂತ ಕ್ಷಣದ ಬಡಿತವನ್ನೂ ಒಂದು ನಿಮಿಷದ ನಂತರದ ಬಡಿತವನ್ನೂ ಗುರುತು ಹಾಕಿಕೊಳ್ಳಿ. ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವ್ಯಾಯಾಮ ಪರೀಕ್ಷೆಯ ನಂತರದ ಮೊದಲ ನಿಮಿಷದಲ್ಲಿ ಬಡಿತ ಹನ್ನೆರಡು ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಹೆಚ್ಚು. ಅಭ್ಯಾಸ ಕೈಹತ್ತಿದವರಲ್ಲಿ ಅದು ಇಪ್ಪತ್ತು ಮೂವತ್ತು ಇಳಿಯುವುದುಂಟು. ಇದನ್ನು ನೋಡಲು ಹಸಿರು ಬೆಳಕಿನ ಗಡಿಯಾರವೂ ಬೇಕಿಲ್ಲ, ಮನೆಯ ಮೂಲೆಯಲ್ಲಿ ಹಳೆಯ ಎಚ್‌ಎಂಟಿ ಒಂದು ಇನ್ನೂ ಓಡುತ್ತಿದ್ದರೆ ಸಾಕು.